ಮೈಲುತುತ್ತದಿಂದ ಬಂದ ಕಾಯಿಲೆಯಾ ಇದು? ಕೆಟ್ಟಿರುವ ಪ್ರೋಟೀನನ್ನೇ ಸರಿಮಾಡುವ ಔಷಧಿ ಇದೆಯಾ?

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ಒಂದು ವಾರದಿಂದ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ.

ನಮ್ಮದು ಆಗುಂಬೆ ರಸ್ತೆ ಕಡೆ ಎರಡೂವರೆ ಎಕರೆ ಅಡಿಕೆ ತೋಟ. ತಂಗಿಯನ್ನು ಹತ್ತಿರದಲ್ಲೇ ಕೊಟ್ಟಿದ್ದೇವೆ, ಸೋದರತ್ತೆ ಮಗನಿಗೆ. ಅವಳ ದೊಡ್ಡ ಮಗನಿಗೆ ಈಗ 17 ವರ್ಷ, ಸೆಕೆಂಡ್ ಪಿಯುಸಿ. ಹೋದ ದೀಪಾವಳಿ ಹೊತ್ತಿಗೆ ಅವನ ಕೈಬರಹ ಕೆಡಲು ಶುರುವಾಯಿತು. ಅವನ ಫಿಸಿಕ್ಸ್ ನೋಟ್‌ಬುಕ್ ಇದನ್ನು ಬರೆಯುವಾಗ ನನ್ನ ಮುಂದೆಯೇ ಇದೆ. ಜೂನ್ ತಿಂಗಳ ಪುಟಗಳಲ್ಲಿ ಅಕ್ಷರ ದುಂಡಗೆ, ಥೇಟ್ ಅವನ ಅಮ್ಮನ ಅಕ್ಷರ. ನವೆಂಬರ್‌ಗೆ ಬಂದರೆ ಸಣ್ಣದಾಗಿದೆ, ಸಾಲು ಬಲಕ್ಕೆ ಹೋಗುತ್ತಾ ಕೆಳಗೆ ಜಾರಿದೆ. ಜನವರಿಯಲ್ಲಿ ಸೊನ್ನೆಗಳು ಕೂಡ ಮುಚ್ಚಿಕೊಂಡಿಲ್ಲ. ಕಾಲೇಜಿನಲ್ಲಿ ಸೋಮಾರಿತನ ಎಂದರು. ಮೊಬೈಲ್ ಜಾಸ್ತಿ ಆಯಿತು ಎಂದು ನಾವೂ ಬೈದೆವು. ಆಮೇಲೆ ಮಾತು ತೊದಲತೊಡಗಿತು. ಊಟ ಮಾಡುವಾಗ ಬಾಯಂಚಿನಲ್ಲಿ ಜೊಲ್ಲು ಇಳಿಯುತ್ತಿತ್ತು. ಆಗ ಹೆದರಿದೆವು.

ಮೂರು ಕಡೆ ತೋರಿಸಿದೆವು. ನರದ ನಿಶ್ಶಕ್ತಿ ಎಂದು ಟಾನಿಕ್ ಬಂತು, ಪರೀಕ್ಷೆಯ ಹೆದರಿಕೆ ಎಂದು ಮಾತ್ರೆ ಬಂತು. ಕೊನೆಗೆ ಕಾಯಿಲೆ ಹಿಡಿದದ್ದು ಶಿವಮೊಗ್ಗದ ಒಬ್ಬರು ಕಣ್ಣಿನ ಡಾಕ್ಟರ್. ನಾವು ಹೋಗಿದ್ದು ಕನ್ನಡಕಕ್ಕೆ. ಅವರು ಯಂತ್ರದ ಬೆಳಕಿನಲ್ಲಿ ಅವನ ಕಣ್ಣು ನೋಡಿ ಸುಮ್ಮನಾದರು. ಆಮೇಲೆ ನನ್ನನ್ನೂ ಕರೆದು ಅದೇ ಕಿಂಡಿಯಲ್ಲಿ ನೋಡಿ ಎಂದರು. ಕಪ್ಪುಗುಡ್ಡೆಯ ಸುತ್ತ, ಅಂಚಿಗೆ ಒತ್ತಿಕೊಂಡು, ಹಳೇ ಹಿತ್ತಾಳೆ ಬಣ್ಣದ ಒಂದು ಉಂಗುರ. ಮೇಲೆ ಮತ್ತು ಕೆಳಗೆ ದಪ್ಪ, ಪಕ್ಕದಲ್ಲಿ ತೆಳು. 'ಇದು ತಾಮ್ರ. ತಡಮಾಡದೆ ಬೆಂಗಳೂರಿಗೆ ಕರ್ಕೊಂಡು ಹೋಗಿ' ಎಂದರು. ಅವತ್ತು ರಾತ್ರಿ ರೈಲಿಗೇ ಹೊರಟೆವು.

ಅಲ್ಲಿ ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್ ಕಡಿಮೆ, 24 ಗಂಟೆಯ ಮೂತ್ರದಲ್ಲಿ ತಾಮ್ರ ಜಾಸ್ತಿ ಎಂದು ಬಂತು. ವಿಲ್ಸನ್ ಕಾಯಿಲೆಯಂತೆ. ಲಿವರ್‌ನಲ್ಲಿ ಎಟಿಪಿ7ಬಿ ಎಂಬ ಪ್ರೋಟೀನ್ ಇದೆ, ತಾಮ್ರವನ್ನು ಹಿಡಿದು ಹೊರಗೆ ಹಾಕುವುದು ಅದರ ಕೆಲಸ, ಇವನಲ್ಲಿ ಅದು ಹುಟ್ಟಿನಿಂದಲೇ ಕೆಟ್ಟಿದೆ ಎಂದರು. ಪೆನಿಸಿಲಮೈನ್ ಮಾತ್ರೆ ಮತ್ತು ಬಿ6 ವಿಟಮಿನ್ ಬರೆದುಕೊಟ್ಟಿದ್ದಾರೆ. ಜೀವನಪೂರ್ತಿ ತೆಗೆದುಕೊಳ್ಳಬೇಕಂತೆ.

ಅವನಿಗೆ 11 ವರ್ಷ ಇದ್ದಾಗ ಕಾಮಾಲೆ ಬಂದಿತ್ತು. ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ನಾಟಿ ಔಷಧಿ ಕೊಡಿಸಿ ಪಥ್ಯ ಮಾಡಿಸಿದೆವು. ತಿಂಗಳಲ್ಲಿ ಇಳಿಯಿತು, ಮರೆತೆವು. ಔಷಧಿ ಕೊಡಿಸಲು ಬೈಕಿನಲ್ಲಿ ಕೂರಿಸಿಕೊಂಡು ಹೋದವನು ನಾನೇ. ಅದು ರಾತ್ರಿ ಹೊತ್ತು ತುಂಬ ಕಾಡುತ್ತದೆ.

ಈಗ ನನ್ನ ಪ್ರಶ್ನೆ. ನಾವು ಪ್ರತಿ ವರ್ಷ ಮಳೆಗೆ ಮುಂಚೆ ಒಂದು ಸಲ, ಮಳೆಗಾಲದ ನಡುವೆ ಇನ್ನೊಂದು ಸಲ ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಔಷಧಿ, ಹೊಡೆಯುತ್ತೇವೆ. ಮೈಲುತುತ್ತ ಎಂದರೆ ತಾಮ್ರವೇ ಅಲ್ವಾ? ತಂಗಿ ಬಸುರಿ ಇದ್ದಾಗ ಡ್ರಮ್ಮಿನ ಪಕ್ಕ ನಿಂತು ಸುಣ್ಣ ಸೋಸಿದ್ದಳು. ಅದರಿಂದಲೇ ಮಗುವಿಗೆ ಹೀಗಾಯಿತು ಎಂದು ಅತ್ತೆ ಎಲ್ಲರ ಮುಂದೆ ಹೇಳುತ್ತಿದ್ದಾರೆ. ತಂಗಿ ಎದುರು ಮಾತಾಡುವುದಿಲ್ಲ. ಬಚ್ಚಲಿನ ತಾಮ್ರದ ಹಂಡೆಯನ್ನು ನೋಡಿಕೊಂಡು ಅಳುತ್ತಾಳೆ. ಇದಕ್ಕೊಂದು ನಿಜವಾದ ಉತ್ತರ ಬೇಕು, ಸಮಾಧಾನದ ಮಾತು ಬೇಡ.

ಇನ್ನೊಂದು. ಕೆಟ್ಟಿರುವುದು ಒಂದೇ ಒಂದು ಪ್ರೋಟೀನ್ ಎಂದು ಗೊತ್ತಿದ್ದ ಮೇಲೆ ಅದನ್ನೇ ಸರಿಮಾಡುವ ಔಷಧಿ ಯಾಕಿಲ್ಲ? ಯಾರಾದರೂ ಹುಡುಕುತ್ತಿದ್ದಾರಾ? ಡಾಕ್ಟರ್ ಹತ್ತಿರ ಕೇಳಿದೆ. ಹೊರಗೆ ಇನ್ನೂ 40 ಜನ ಕೂತಿದ್ದರು, ಪಾಪ ಅವರಿಗೆ ಪುರಸೊತ್ತಿರಲಿಲ್ಲ.

ಶರಾವತಿ ಹಿನ್ನೀರು

ಅಣ್ಣಾ, ನಾನು ಹೊಸನಗರ ಕಡೆಯವಳು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಲೋಹ ಹಿಡಿಯುವ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ. ಔಷಧಿಯ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಮೊದಲು ನಿಮ್ಮ ತಂಗಿಗೆ ಇದನ್ನು ಓದಿ ಹೇಳಿ. ಮೈಲುತುತ್ತದಿಂದ ಈ ಕಾಯಿಲೆ ಬರುವುದಿಲ್ಲ. ಬಸುರಿಯಲ್ಲಿ ಸುಣ್ಣ ಸೋಸಿದ್ದಕ್ಕೂ ಬರುವುದಿಲ್ಲ, ಹಂಡೆಯ ನೀರಿಗೂ ಬರುವುದಿಲ್ಲ. ಎಟಿಪಿ7ಬಿ ಪ್ರೋಟೀನ್ ತಯಾರಿಸುವ ಜೀನ್ 13ನೇ ಕ್ರೋಮೋಸೋಮಿನಲ್ಲಿದೆ. ಅದನ್ನು ಕಂಡುಹಿಡಿದದ್ದು 1993ರಲ್ಲಿ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ ಬರುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದು ಸರಿಯಿದ್ದರೆ ಸಾಕು, ಲಿವರ್ ನಡೆಸಿಕೊಂಡು ಹೋಗುತ್ತದೆ, ಆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಅತ್ತೆ ಮತ್ತು ನಿಮ್ಮ ತಂದೆ ಅಣ್ಣ-ತಂಗಿ ಅಲ್ವಾ? ಅವರ ಅಪ್ಪನಲ್ಲೋ ಅಮ್ಮನಲ್ಲೋ ಇದ್ದ ಒಂದು ಕೆಟ್ಟ ಪ್ರತಿ ಇಬ್ಬರಿಗೂ ಇಳಿದು, ಒಂದು ಕಡೆಯಿಂದ ನಿಮ್ಮ ತಂಗಿಗೂ ಇನ್ನೊಂದು ಕಡೆಯಿಂದ ಭಾವನಿಗೂ ಬಂದಿರುವ ಸಾಧ್ಯತೆಯೇ ಜಾಸ್ತಿ. ಯಾರ ತಪ್ಪೂ ಇಲ್ಲ ಇದರಲ್ಲಿ.

ತೋಟದವರಿಗೆ ಅರ್ಥವಾಗುವ ಹಾಗೆ ಒಂದು ವಿಷಯ ಹೇಳುತ್ತೇನೆ. ನಮ್ಮಪ್ಪ ಬೋರ್ಡೋ ಮಾಡುವಾಗ ನಾನು ಪಕ್ಕದಲ್ಲೇ ಕೂರುತ್ತಿದ್ದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನೀಲಿ ನೀರನ್ನು ಸುಣ್ಣದ ತಿಳಿಗೆ ನಿಧಾನ ಸುರಿದು ಕೋಲಲ್ಲಿ ತಿರುಗಿಸುತ್ತಿದ್ದರು. ಕೊನೆಗೆ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಡ್ರಮ್ಮಿಗೆ ಅದ್ದಿ, ಹತ್ತು ಎಣಿಸಿ, ಮೇಲೆತ್ತಿ ನೋಡುತ್ತಿದ್ದರು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನೂ ಬಿಡಿ ತಾಮ್ರ ಉಳಿದಿದೆ ಎಂದು ಅರ್ಥ. ಹಾಗೇ ಹೊಡೆದರೆ ಹಿಂಗಾರ ಸುಟ್ಟುಹೋಗುತ್ತದೆ. ಇನ್ನಷ್ಟು ಸುಣ್ಣ ಹಾಕಿ, ಕತ್ತಿ ಬೆಳ್ಳಗೆ ಬರುವವರೆಗೆ ಬಿಡುತ್ತಿರಲಿಲ್ಲ. ನೀವೂ ಮಾಡಿರುತ್ತೀರಿ.

ಮೈಯೊಳಗೂ ಹಾಗೆಯೇ. ತಾಮ್ರ ಬೇಕು, ಅದಿಲ್ಲದೆ ಬದುಕಿಲ್ಲ. ಕಬ್ಬಿಣದ ಅಂಶವನ್ನು ಸಾಗಿಸಲು ಬೇಕು, ಎಲುಬು ಮತ್ತು ರಕ್ತನಾಳ ಗಟ್ಟಿಯಿರಲು ಬೇಕು. ದಿನಕ್ಕೆ ಒಂದೆರಡು ಮಿಲಿಗ್ರಾಂ ನಾವು ತಿನ್ನುವ ಅನ್ನ, ಬೇಳೆಯಿಂದಲೇ ಬರುತ್ತದೆ. ಆದರೆ ಬಿಡಿಯಾಗಿ ಓಡಾಡಲು ಬಿಡಬಾರದು, ಬಿಟ್ಟರೆ ಸುಡುತ್ತದೆ. 1999ರಲ್ಲಿ ಯೀಸ್ಟ್ ಜೀವಕೋಶದಲ್ಲಿ ಲೆಕ್ಕ ಹಾಕಿ ನೋಡಿದರು. ಒಂದು ಕೋಶಕ್ಕೆ ಬಿಡಿ ತಾಮ್ರದ ಒಂದು ಪರಮಾಣು ಕೂಡ ಬರುವುದಿಲ್ಲ, ಅಷ್ಟು ಕಟ್ಟುನಿಟ್ಟು. ಎಲ್ಲವನ್ನೂ ಯಾವುದಾದರೂ ಪ್ರೋಟೀನ್ ಹಿಡಿದುಕೊಂಡೇ ಇರುತ್ತದೆ. ಕೊನೆಗಾರ ಮೇಲಿಂದ ಅಡಿಕೆ ಕೊನೆಯನ್ನು ಹಗ್ಗದಲ್ಲಿ ಇಳಿಬಿಟ್ಟಾಗ ಕೆಳಗಿನವರು ನೆಲಕ್ಕೆ ತಾಗದಂತೆ ಹಿಡಿಯುತ್ತಾರಲ್ಲ, ಅದೇ ರೀತಿ. ಲಿವರ್ ಕೋಶದೊಳಗೆ ಆಟಾಕ್ಸ್1 ಎಂಬ ಪುಟ್ಟ ಪ್ರೋಟೀನ್ ಇದೆ, ಪ್ರೋಟೀನ್ ಕಟ್ಟುವ ಮಣಿಗಳಾದ ಅಮೈನೋ ಆಮ್ಲಗಳು ಅದರಲ್ಲಿ 68 ಅಷ್ಟೇ. ಅದು ತಾಮ್ರವನ್ನು ತಂದು ಎಟಿಪಿ7ಬಿಯ ಕೈಗೆ ಕೊಡುತ್ತದೆ.

ಎಟಿಪಿ7ಬಿ ದೊಡ್ಡದು, 1465 ಅಮೈನೋ ಆಮ್ಲ. ಅದರ ತಲೆಯ ಕಡೆ ತಾಮ್ರ ಹಿಡಿಯುವ ಆರು ಹಿಡಿಕೆಗಳಿವೆ. ಒಂದೊಂದು ಹಿಡಿಕೆಯಲ್ಲೂ ಸಿಸ್ಟೀನ್ ಎಂಬ, ಗಂಧಕ ಇರುವ ಎರಡು ಅಮೈನೋ ಆಮ್ಲಗಳು ಎರಡು ಬೆರಳಿನ ಹಾಗೆ ತಾಮ್ರವನ್ನು ಕಚ್ಚಿಕೊಳ್ಳುತ್ತವೆ. ನಾನು ದಿನಾ ಟ್ಯೂಬಿನಲ್ಲಿ ನೋಡುವುದು ಇದನ್ನೇ. ಗಾಳಿ ತಾಗಿದರೆ ಆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ, ಅದಕ್ಕೆ ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಕೈಗವಸು ಹಾಕಿ ಕೆಲಸ ಮಾಡುತ್ತೇವೆ. ಇಲ್ಲಿ ತಾಮ್ರಕ್ಕೆ ಬಣ್ಣವೇ ಇರುವುದಿಲ್ಲ. ಮೈಲುತುತ್ತದ ನೀಲಿ ಬೇರೆ ರೂಪದ ತಾಮ್ರದ್ದು.

ಹಿಡಿದ ತಾಮ್ರವನ್ನು ಈ ಪ್ರೋಟೀನ್ ಶಕ್ತಿ ಖರ್ಚು ಮಾಡಿ ಪೊರೆಯಾಚೆ ದಾಟಿಸುತ್ತದೆ. ಸ್ವಲ್ಪ ತಾಮ್ರವನ್ನು ಸೆರುಲೋಪ್ಲಾಸ್ಮಿನ್‌ಗೆ ತುಂಬಿ ರಕ್ತಕ್ಕೆ ಕಳಿಸುತ್ತದೆ. ಹೆಚ್ಚಾದದ್ದನ್ನು ಪಿತ್ತರಸಕ್ಕೆ ಹಾಕುತ್ತದೆ, ಅದು ಮಲದಲ್ಲಿ ಹೋಗುತ್ತದೆ. ಈ ಎರಡೂ ಕೆಲಸ ನಿಂತರೆ ಲಿವರ್ ತುಂಬಿ ತುಳುಕುತ್ತದೆ. ಆಮೇಲೆ ಮಿದುಳು, ಕಣ್ಣು. ನಿಮ್ಮ ಅಳಿಯನ 11ನೇ ವರ್ಷದ ಕಾಮಾಲೆ ಇದೇ ಆಗಿದ್ದಿರಬಹುದು. ಆಗ ಲಿವರ್ ಪರೀಕ್ಷೆ ಮಾಡಿಸಿದ್ದರೂ ಎಷ್ಟೋ ಕಡೆ ಇದು ತಪ್ಪಿಹೋಗುತ್ತದೆ ಅಣ್ಣಾ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ಎಷ್ಟೋ ಡಾಕ್ಟರುಗಳು ಜೀವಮಾನದಲ್ಲಿ ಒಂದೂ ನೋಡಿರುವುದಿಲ್ಲ. ಬೈಕಿನಲ್ಲಿ ಕರೆದುಕೊಂಡು ಹೋಗಿದ್ದು ಪ್ರೀತಿಯಿಂದ. ಅದನ್ನು ಅಷ್ಟಕ್ಕೇ ಇಟ್ಟುಕೊಳ್ಳಿ.

ಈಗ ಎರಡನೇ ಪ್ರಶ್ನೆ. ಹೌದು, ಹುಡುಕುತ್ತಿದ್ದಾರೆ. ಈಗಿರುವ ಔಷಧಿಗಳು ಪ್ರೋಟೀನಿನ ಹತ್ತಿರವೂ ಹೋಗುವುದಿಲ್ಲ, ತಾಮ್ರದ ಬೆನ್ನು ಹತ್ತುತ್ತವೆ. ಪೆನಿಸಿಲಮೈನ್ ತಾಮ್ರವನ್ನು ಕಚ್ಚಿಕೊಂಡು ಮೂತ್ರದಲ್ಲಿ ಹೊರಗೆ ತರುತ್ತದೆ. ಇಂಗ್ಲೆಂಡಿನ ಜಾನ್ ವಾಲ್ಶ್ 1956ರಲ್ಲಿ ಇದನ್ನು ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದವರು ಉಳಿಯುತ್ತಿರಲಿಲ್ಲ ಎಂದೇ ಹೇಳಬೇಕು. ಇನ್ನೊಂದು ಔಷಧಿ ಜಿಂಕ್, ಅದರ ದಾರಿ ಬೇರೆ. ಅದು ಕರುಳಿನ ಕೋಶಗಳಲ್ಲಿ ಮೆಟಲೋಥಯೋನೀನ್ ಎಂಬ ಇನ್ನೊಂದು ಲೋಹ ಹಿಡಿಯುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಊಟದ ತಾಮ್ರವನ್ನು ಅದು ಕರುಳಿನಲ್ಲೇ ಹಿಡಿದು ಕೂರುತ್ತದೆ, ಕೋಶ ಉದುರಿದಾಗ ಜೊತೆಗೇ ಹೋಗುತ್ತದೆ. ನನಗೆ ಇದು ತುಂಬ ಇಷ್ಟವಾದ ಉಪಾಯ. ಒಂದು ಪ್ರೋಟೀನ್ ಕೈಕೊಟ್ಟಿತು, ಇನ್ನೊಂದನ್ನು ಎಬ್ಬಿಸಿ ಬಾಗಿಲಿಗೆ ನಿಲ್ಲಿಸಿದರು.

ಪ್ರೋಟೀನನ್ನೇ ಸರಿಮಾಡುವುದು ಯಾಕೆ ಕಷ್ಟ ಎಂದರೆ, ಎಲ್ಲರಲ್ಲೂ ಅದು ಒಂದೇ ಕಡೆ ಕೆಟ್ಟಿರುವುದಿಲ್ಲ. ಈ ಜೀನ್‌ನಲ್ಲಿ 500ಕ್ಕೂ ಹೆಚ್ಚು ಬಗೆಯ ತಪ್ಪುಗಳು ಸಿಕ್ಕಿವೆ. ಯುರೋಪಿನಲ್ಲಿ ಜಾಸ್ತಿ ಕಾಣುವುದು 1069ನೇ ಜಾಗದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿರುವುದು. ಅಲ್ಲಿ ಪ್ರೋಟೀನ್ ಪೂರ್ತಿ ತಯಾರಾಗುತ್ತದೆ, ಸ್ವಲ್ಪ ಕೆಲಸವೂ ಬರುತ್ತದೆ. ಆದರೆ ಅದು ಮಡಚಿಕೊಂಡಿರುವ ರೀತಿ, ಅಂದರೆ ಮಡಿಕೆ, ಸರಿಯಿಲ್ಲ ಎಂದು ಕೋಶದ ತಪಾಸಣೆಯವರೇ ಅದನ್ನು ತಡೆದು ಒಡೆದುಹಾಕುತ್ತಾರೆ. 2016ರಲ್ಲಿ ಒಂದು ಗುಂಪು ಪಿ38 ಮತ್ತು ಜೆಎನ್‌ಕೆ ಎಂಬ ಎರಡು ಕೈನೇಸ್‌ಗಳನ್ನು (ಕೋಶದೊಳಗೆ ಸಂಕೇತ ಕಳಿಸುವ ಪ್ರೋಟೀನ್‌ಗಳು) ತಡೆದಾಗ, ಸಿಕ್ಕಿಬಿದ್ದಿದ್ದ ಈ ಪ್ರೋಟೀನ್ ತನ್ನ ಜಾಗಕ್ಕೆ ಹೋಗಿ ತಾಮ್ರ ಸಾಗಿಸಿದ್ದನ್ನು ಜೀವಕೋಶಗಳಲ್ಲಿ ತೋರಿಸಿತು. ನಮ್ಮ ದೇಶದ ರೋಗಿಗಳಲ್ಲಿ ಸಿಗುವ ಇನ್ನೊಂದು ಬಗೆ ಇದೆ. 271ನೇ ಜಾಗದಲ್ಲೇ ಓದು ನಿಂತುಹೋಗುತ್ತದೆ, ಪ್ರೋಟೀನ್ ಅರ್ಧಕ್ಕೂ ಬರುವುದಿಲ್ಲ. ಅಲ್ಲಿ ಸರಿಮಾಡಲು ಏನೂ ಉಳಿದಿರುವುದಿಲ್ಲ. ಅಂಥವರಿಗೆ ಹೊಸ ಜೀನನ್ನೇ ಕೊಡಬೇಕು.

ಅದಕ್ಕೂ ಪ್ರಯತ್ನ ನಡೆದಿದೆ. ಎಎವಿ ಎಂಬ ಕಾಯಿಲೆ ತರದ ವೈರಸ್ಸಿನೊಳಗೆ ಜೀನ್ ಇಟ್ಟು ಲಿವರ್‌ಗೆ ಕಳಿಸುವುದು. ತೊಂದರೆ ಏನೆಂದರೆ ಆ ವೈರಸ್ ಸಣ್ಣ ಚೀಲ, ಈ ಜೀನ್ ದೊಡ್ಡ ಮೂಟೆ. ಆಗ ಆರು ಹಿಡಿಕೆಗಳಲ್ಲಿ ಮೊದಲ ನಾಲ್ಕನ್ನು ಬಿಟ್ಟು ಸಣ್ಣದು ಮಾಡಿದರು. ಇಲಿಗಳಲ್ಲಿ ಅದು ಕೆಲಸ ಮಾಡಿತು. ಅಂದರೆ ಕೊನೆಯ ಎರಡು ಹಿಡಿಕೆ ಇದ್ದರೂ ಸಾಗುತ್ತದೆ. ಈ ದಾರಿಯಲ್ಲಿ ಮನುಷ್ಯರ ಮೇಲಿನ ಪ್ರಯೋಗಗಳೂ ಶುರುವಾದವು. ಅಂಗಡಿಯಲ್ಲಿ ಸಿಗುವ ಔಷಧಿ ಆಗಿಲ್ಲ ಇನ್ನೂ.

ಇನ್ನೊಂದು ಮಾತು, ಇದೇ ಪ್ರೋಟೀನ್ ಕ್ಯಾನ್ಸರ್‌ನಲ್ಲಿ ಉಲ್ಟಾ ಕಾಟ ಕೊಡುತ್ತದೆ. ಸಿಸ್‌ಪ್ಲಾಟಿನ್ ಔಷಧಿಯನ್ನೂ ಇದು ಹಿಡಿದುಬಿಡುತ್ತದೆ, ಗಡ್ಡೆಯ ಕೋಶದಲ್ಲಿ ಇದು ಜಾಸ್ತಿ ಇದ್ದರೆ ಔಷಧಿ ನಾಟುವುದು ಕಷ್ಟ. ಅಲ್ಲಿ ಇದನ್ನು ತಡೆಯಲು ನೋಡುತ್ತಾರೆ, ಇಲ್ಲಿ ಎಬ್ಬಿಸಲು ನೋಡುತ್ತಾರೆ. ಹಾಗಾಗಿ ಎರಡು ಕಡೆಯವರೂ ಇದರ ಆಕಾರ ನೋಡಬೇಕೆಂದು ವರ್ಷಗಟ್ಟಲೆ ಕಾದರು. 2022ರಲ್ಲಿ ಕಪ್ಪೆಯ ಎಟಿಪಿ7ಬಿಯ ಆಕಾರ ಸ್ಪಷ್ಟವಾಗಿ ಸಿಕ್ಕಿತು. ನಮ್ಮ ಲ್ಯಾಬಿನಲ್ಲಿ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದ್ದೇವೆ.

ಒಂದು ಕೆಲಸ ಈ ವಾರವೇ ಮಾಡಿ. ಹುಡುಗನಿಗೆ ತಮ್ಮನೋ ತಂಗಿಯೋ ಇದ್ದಾರಾ? ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇದೆ. ಆರೋಗ್ಯವಾಗಿ ಕಂಡರೂ ಪರೀಕ್ಷೆ ಮಾಡಿಸಲೇಬೇಕು.

ಕೊಪ್ಪದವನು

ತೋಟದಮನೆಯವರೇ, ನನಗೇ ಈ ಕಾಯಿಲೆ ಇದೆ. ಗೊತ್ತಾದಾಗ 19 ವರ್ಷ, ಈಗ 41. ಮದುವೆಯಾಗಿದೆ, ಇಬ್ಬರು ಮಕ್ಕಳು, ಪಿಕಪ್ ಓಡಿಸುತ್ತೇನೆ. ಇದನ್ನು ಮೊದಲು ನಿಮ್ಮ ತಂಗಿಗೆ ಹೇಳಿ ಮಾರಾಯ್ರೇ.

ವಿಜ್ಞಾನ ತಂಗ್ಯಮ್ಮ ಹೇಳಿದ್ದಾರೆ. ನಾನು ಮಾತ್ರೆ ನುಂಗುವವನ ಮಾತು ಹೇಳುತ್ತೇನೆ. ಪೆನಿಸಿಲಮೈನ್ ಶುರು ಮಾಡಿದ ಮೂರನೇ ವಾರಕ್ಕೆ ನನ್ನ ಕೈ ನಡುಕ ಜಾಸ್ತಿಯಾಯಿತು. ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತಿತ್ತು. ಔಷಧಿಯೇ ಕೊಲ್ಲುತ್ತಿದೆ ಎಂದು ಅಪ್ಪ ಬಿಡಿಸಲು ಹೊರಟಿದ್ದರು. ಡಾಕ್ಟರ್ ಡೋಸ್ ಇಳಿಸಿ, ಆಮೇಲೆ ನಿಧಾನಕ್ಕೆ ಏರಿಸಿದರು. ಮಿದುಳಿಗೆ ತಾಗಿದವರಲ್ಲಿ ಶುರುವಿಗೆ ಹೀಗಾಗುವುದುಂಟು. ಆದರೆ ತಾವಾಗೇ ನಿಲ್ಲಿಸಬೇಡಿ, ಫೋನ್ ಮಾಡಿ ಕೇಳಿ. ನಿಲ್ಲಿಸಿದರೆ ಲಿವರ್ ಇದ್ದಕ್ಕಿದ್ದಂತೆ ಕೈಬಿಡಬಹುದು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದ ಹುಡುಗ ಚೆನ್ನಾಗಾದೆ ಎಂದು ಒಂದು ವರ್ಷ ಮಾತ್ರೆ ಬಿಟ್ಟಿದ್ದ. ಅವನು ಉಳಿಯಲಿಲ್ಲ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಮಾತ್ರೆ ಖಾಲಿ ಹೊಟ್ಟೆಗೆ. ತಿಂಡಿಗೂ ಮಾತ್ರೆಗೂ ಒಂದು ಗಂಟೆ ಬೇಕು. ನಾನು ಬೆಳಗ್ಗೆ ಐದೂವರೆಗೆ ನುಂಗಿ ಕೊಟ್ಟಿಗೆಗೆ ಹೋಗುತ್ತೇನೆ, ಹಾಲು ಕರೆದು ಬರುವಷ್ಟರಲ್ಲಿ ಹೊತ್ತು ಸರಿಯಾಗುತ್ತದೆ. ಬಿ6 ತಪ್ಪಿಸಬೇಡಿ. ರಕ್ತ ಮತ್ತು ಮೂತ್ರ ಹೇಳಿದ ದಿನಕ್ಕೆ ಪರೀಕ್ಷೆ ಮಾಡಿಸಿ, ಈ ಔಷಧಿ ಕಿಡ್ನಿಗೂ ರಕ್ತಕ್ಕೂ ತೊಂದರೆ ಕೊಡಬಲ್ಲದು. ಒಗ್ಗದಿದ್ದರೆ ಟ್ರಯಂಟೀನ್ ಎಂಬುದಿದೆ. ನಾನು ಹತ್ತು ವರ್ಷದಿಂದ ಜಿಂಕ್ ಮೇಲಿದ್ದೇನೆ, ಡಾಕ್ಟರೇ ಬದಲಾಯಿಸಿದ್ದು.

ಊಟದಲ್ಲಿ ಗೇರುಬೀಜ, ಅಣಬೆ, ಏಡಿ, ಕುರಿ ಲಿವರ್, ಚಾಕೊಲೇಟ್ ಬಿಡಿ. ಮೊದಲ ಮಳೆಗೆ ಅಣಬೆ ಎದ್ದಾಗ ಕಷ್ಟವಾಗುತ್ತದೆ, ನಿಜ. ತಾಮ್ರದ ಚೊಂಬಿನ ನೀರು ಬೇಡವೇ ಬೇಡ. ಹಂಡೆಯಲ್ಲಿ ಸ್ನಾನ ಮಾಡಿದರೆ ಏನೂ ಆಗುವುದಿಲ್ಲ. ಕವಳವೂ (ಎಲೆ-ಅಡಿಕೆ) ಬೇಡ. ಅಡಿಕೆಯಲ್ಲೇ ತಾಮ್ರ ಜಾಸ್ತಿ ಇದೆ. ಮತ್ತೆ, ಔಷಧಿ ಹೊಡೆಯುವ ದಿನ ಹುಡುಗನನ್ನು ಡ್ರಮ್ಮಿನ ಹತ್ತಿರ ಬಿಡಬೇಡಿ. ಕಾಯಿಲೆ ಅದರಿಂದ ಬಂದಿಲ್ಲ ಸರಿ, ಆದರೆ ಹೊರಗೆ ಹಾಕಲು ಆಗದ ಮೈಗೆ ಇನ್ನಷ್ಟು ಯಾಕೆ?

ಕೈಬರಹದ ಬಗ್ಗೆ. ನನಗೆ ಸರಿಯಾಗಲು ಒಂದೂವರೆ ವರ್ಷ ಹಿಡಿಯಿತು. ದಿನಾ ಒಂದು ಪುಟ ಕಾಪಿ ಬರೆಯುತ್ತಿದ್ದೆ.

ಸಾಗರದ ಮೇಷ್ಟ್ರು

ಓದಿ ತುಂಬ ಸಂಕಟವಾಯಿತು. ಹುಡುಗ ಬೇಗ ಚೇತರಿಸಿಕೊಳ್ಳಲಿ.

ನನ್ನದೂ ಒಂದು ಪ್ರಶ್ನೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಈ ಪ್ರೋಟೀನನ್ನು ಸರಿಮಾಡುತ್ತದೆ ಎಂದು ಎಲ್ಲೋ ಓದಿದ ನೆನಪು. ನಮ್ಮ ಮನೆ ಹಿತ್ತಲಲ್ಲೇ ಬೆಳೆಯುತ್ತೇವೆ, ಕಳಿಸಿಕೊಡಬಲ್ಲೆ. ಮತ್ತೆ, ನಾನು ಹುಡುಗನಾಗಿದ್ದಾಗ ಹಿತ್ತಾಳೆ ಪಾತ್ರೆಗೆ ವರ್ಷಕ್ಕೊಮ್ಮೆ ಕಲಾಯಿ ಹಾಕಿಸದೆ ಅಡುಗೆ ಮಾಡುತ್ತಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಶರಾವತಿ ಹಿನ್ನೀರು

ಮೇಷ್ಟ್ರೇ, ನೀವು ಓದಿದ್ದು ಸುಳ್ಳಲ್ಲ. 2009ರ ಒಂದು ಸಂಶೋಧನೆಯಲ್ಲಿ ಕೆಲವು ಬಗೆಯ ಕೆಟ್ಟ ಎಟಿಪಿ7ಬಿಗಳಿಗೆ ಕರ್ಕ್ಯುಮಿನ್ ಕೊಟ್ಟಾಗ ಪ್ರೋಟೀನಿನ ಪ್ರಮಾಣ ಸ್ವಲ್ಪ ಏರಿತು. ಆದರೆ ಅದು ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ. ನಾವು ತಿಂದ ಅರಿಶಿನದಲ್ಲಿ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ತೀರಾ ಕಡಿಮೆ. ಸಾರಿಗೆ ಹಾಕುವಷ್ಟು ಅರಿಶಿನ ಹಾಕಿಕೊಳ್ಳಲಿ, ಅದು ಅಡುಗೆ. ಮಾತ್ರೆ ಬದಲು ಅರಿಶಿನ ಎಂದು ಯಾರಾದರೂ ಹೇಳಿದರೆ ದಯವಿಟ್ಟು ತಡೆಯಿರಿ. ಕೊಪ್ಪದ ಅಣ್ಣ ಹೇಳಿದ ಪಕ್ಕದ ಮಂಚದ ಹುಡುಗನ ವಿಷಯ ಓದಿ ನನಗೆ ಇಡೀ ದಿನ ಕೆಲಸ ಓಡಲಿಲ್ಲ.

ಕಲಾಯಿ ವಿಷಯ ಚೆನ್ನಾಗಿ ಕೇಳಿದಿರಿ. ಅದು ಬೇರೆ ಕಾಯಿಲೆ. ಒಂದು ಕಾಲದಲ್ಲಿ ನಮ್ಮ ದೇಶದ ಪುಟ್ಟ ಮಕ್ಕಳಲ್ಲಿ ಲಿವರ್ ಗಟ್ಟಿಯಾಗಿ ಸಾಯುವುದು ಎಷ್ಟೋ ಕಡೆ ಇತ್ತು. ಅವರ ಲಿವರ್‌ನಲ್ಲೂ ತಾಮ್ರ ತುಂಬಿರುತ್ತಿತ್ತು. 1980ರ ದಶಕದಲ್ಲಿ ಪುಣೆಯಲ್ಲಿ ಮನೆಮನೆಯ ಪಾತ್ರೆ ನೋಡಿ ವಿಚಾರಿಸಿದರು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹಾಲು ಕಾಯಿಸಿ ಇಟ್ಟು ಕೂಸಿಗೆ ಕುಡಿಸುತ್ತಿದ್ದ ಮನೆಗಳಲ್ಲಿ ಅದು ಜಾಸ್ತಿ ಕಂಡಿತು. ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕಾಯಿಲೆ ಹೆಚ್ಚೂ ಕಡಿಮೆ ಮಾಯವಾಯಿತು. ಕಲಾಯಿ ಹಾಕಿಸುತ್ತಿದ್ದ ನಿಮ್ಮ ಅಮ್ಮ ಸರಿಯಾದ ಕೆಲಸವನ್ನೇ ಮಾಡುತ್ತಿದ್ದರು.

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ಕೈಮುಗಿದು ಹೇಳುತ್ತಿದ್ದೇನೆ, ಉಪಕಾರವಾಯಿತು. 12 ದಿನ ತಡವಾಗಿ ಬರೆಯುತ್ತಿದ್ದೇನೆ, ಓಡಾಟ ಜಾಸ್ತಿ ಇತ್ತು.

ಮೊನ್ನೆ ತಂಗಿ ಮನೆಗೆ ಹೋಗಿ ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿ ತಂಗ್ಯಮ್ಮ ಬರೆದಿದ್ದನ್ನು ಜೋರಾಗಿ ಓದಿದೆ. ಕತ್ತಿ ಅದ್ದುವ ಭಾಗ ಬಂದಾಗ ಭಾವ ತಲೆ ಅಲ್ಲಾಡಿಸಿದ. ಎರಡೂ ಕಡೆಯಿಂದ ಬಂದದ್ದು ಎಂಬ ಸಾಲು ಓದಿದಾಗ ಅತ್ತೆ ಎದ್ದು ಒಳಗೆ ಹೋದರು. ನನಗೆ ಬೇಜಾರಾಯಿತು, ಓದಬಾರದಿತ್ತೇನೋ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. ತಮ್ಮ ಚಿಕ್ಕ ತಮ್ಮನೊಬ್ಬ 14 ವರ್ಷಕ್ಕೆ ಹೊಟ್ಟೆ ಊದಿ ತೀರಿಕೊಂಡಿದ್ದ, ಅವನಿಗೂ ಕೊನೆಕೊನೆಗೆ ಮಾತು ಸ್ಪಷ್ಟ ಇರಲಿಲ್ಲ ಎಂದು ಹೇಳಿದರು. ಅಂಥ ಒಬ್ಬ ಚಿಕ್ಕಪ್ಪ ಇದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಅಪ್ಪ ಒಂದು ದಿನವೂ ಹೇಳಿದವರಲ್ಲ. ಅತ್ತೆ ಆಮೇಲೆ ತಂಗಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು, ಮಾತೇನೂ ಆಡಲಿಲ್ಲ.

ಅಳಿಯನ ತಂಗಿಗೆ 13 ವರ್ಷ. ಶಾಲೆಯಲ್ಲಿ ಖೋ ಖೋ ಆಡುವ ಹುಡುಗಿ, ಒಂದು ದಿನ ಮಲಗಿದವಳಲ್ಲ. ನಾವು ಸುಮ್ನೆ ಒಂದು ಖಾತ್ರಿಗೆ ಎಂದುಕೊಂಡು ಪರೀಕ್ಷೆ ಮಾಡಿಸಿದೆವು. ಅವಳಿಗೂ ಸೆರುಲೋಪ್ಲಾಸ್ಮಿನ್ ಕಡಿಮೆ, ಮೂತ್ರದಲ್ಲಿ ತಾಮ್ರ ಜಾಸ್ತಿ. ಕಣ್ಣಿನಲ್ಲಿ ಉಂಗುರ ಇಲ್ಲ. ಲಿವರ್ ಸ್ವಲ್ಪ ಮಾತ್ರ ಊದಿದೆ. ಮಿದುಳಿಗೆ ಏನೂ ಆಗಿಲ್ಲ. ಈ ಹಂತದಲ್ಲಿ ಸಿಕ್ಕಿದ್ದು ದೊಡ್ಡ ಪುಣ್ಯ ಎಂದರು ಡಾಕ್ಟರ್. ಅವಳಿಗೆ ಜಿಂಕ್ ಶುರು ಮಾಡಿದ್ದಾರೆ. ತಂಗ್ಯಮ್ಮಾ, ಈ ವಾರವೇ ಮಾಡಿಸಿ ಎಂದು ನೀವು ಬರೆಯದಿದ್ದರೆ ನಾವು ಕೊಯ್ಲು ಮುಗಿದ ಮೇಲೆ ನೋಡೋಣ ಎನ್ನುತ್ತಿದ್ದೆವು.

ಅಳಿಯನ ಜೀನ್ ರಿಪೋರ್ಟ್ ಕೂಡ ಬಂತು. ಮಿಸ್‌ಸೆನ್ಸ್ ಎಂದು ಬರೆದಿದೆ, ಎರಡು ಪ್ರತಿಯಲ್ಲೂ ಒಂದೇ ತಪ್ಪು. ಇದರ ಅರ್ಥ ಏನು?

ಶರಾವತಿ ಹಿನ್ನೀರು

ಅಣ್ಣಾ, ಚಿಕ್ಕ ಹುಡುಗಿಯ ವಿಷಯ ಓದಿ ಕಣ್ಣಲ್ಲಿ ನೀರು ಬಂತು. ಅವಳು ಖೋ ಖೋ ಬಿಡಬೇಕಾಗಿಲ್ಲ. ಮಾತ್ರೆ ಬಿಡದಿದ್ದರೆ ಆಯಿತು.

ಮಿಸ್‌ಸೆನ್ಸ್ ಎಂದರೆ ಒಂದು ಅಮೈನೋ ಆಮ್ಲದ ಜಾಗದಲ್ಲಿ ಇನ್ನೊಂದು ಬಂದಿದೆ. ಪ್ರೋಟೀನ್ ಅರ್ಧಕ್ಕೆ ನಿಂತಿಲ್ಲ, ಕೊನೆಯವರೆಗೂ ಓದಲಾಗುತ್ತಿದೆ. ಮಡಿಕೆ ಸರಿಮಾಡುವ ಔಷಧಿ ಎಂದಾದರೂ ಬಂದರೆ ಅದನ್ನು ಮೊದಲು ನೋಡುವುದು ಇಂಥ ಬಗೆಯವರಲ್ಲೇ. ಆದರೆ ಒಂದೊಂದು ತಪ್ಪಿಗೂ ಬೇರೆ ಬೇರೆ ಪರಿಣಾಮ. ಇವನ ಪ್ರೋಟೀನ್ ದಾರಿಯಲ್ಲಿ ಸಿಕ್ಕಿಬಿದ್ದಿದೆಯೋ, ಜಾಗಕ್ಕೆ ಹೋಗಿಯೂ ಕೆಲಸ ಮಾಡುತ್ತಿಲ್ಲವೋ ಎಂಬುದು ಕೋಶದಲ್ಲಿ ಪರೀಕ್ಷಿಸಿದರೆ ಮಾತ್ರ ತಿಳಿಯುತ್ತದೆ. ಆ ರಿಪೋರ್ಟಿನ ಜಾಗದ ಸಂಖ್ಯೆ ಮುಖ್ಯ, ಕಳೆಯಬೇಡಿ. ಇಬ್ಬರು ಮಕ್ಕಳದ್ದೂ ಇಡಿ. ಅತ್ತೆಯ ಉಳಿದ ಮೊಮ್ಮಕ್ಕಳಿಗೂ ಒಮ್ಮೆ ಸೆರುಲೋಪ್ಲಾಸ್ಮಿನ್ ಮಾಡಿಸಿ. ನಿಮ್ಮ ಮಕ್ಕಳಿಗೂ.

ತೋಟದಮನೆ, ತೀರ್ಥಹಳ್ಳಿ

ಆಗಲಿ ತಂಗ್ಯಮ್ಮ. ನನ್ನ ಇಬ್ಬರದ್ದೂ ಸೇರಿಸಿ ಒಟ್ಟು ಆರು ಮಕ್ಕಳು, ಬರುವ ಸೋಮವಾರ ಶಿವಮೊಗ್ಗಕ್ಕೆ ಜೀಪ್ ಹೇಳಿದ್ದೇನೆ. ರಿಪೋರ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತೋಟದ ಪಹಣಿ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ನಾಳೆ ಮೊದಲ ಸಲದ ಔಷಧಿ ಹೊಡೆಯುವವರು ಬರುತ್ತಾರೆ, ಮೋಡ ಆಗಲೇ ಕಟ್ಟಿದೆ. ಅಳಿಯ ನಮ್ಮ ಮನೆಗೆ ಬಂದಿದ್ದಾನೆ. ಡ್ರಮ್ಮಿನ ಹತ್ತಿರ ಬಿಡುವುದಿಲ್ಲ, ಜಗುಲಿಯಲ್ಲೇ ಕೂತಿರುತ್ತಾನೆ. ಕೊಪ್ಪದ ಅಣ್ಣ ಹೇಳಿದ ಹಾಗೆ ಕಾಪಿ ಪುಸ್ತಕ ತಂದುಕೊಟ್ಟಿದ್ದೇನೆ. ಇವತ್ತು ಅರ್ಧ ಪುಟ ಬರೆದ. ಸಾಲು ಇನ್ನೂ ಕೆಳಗೆ ಜಾರುತ್ತದೆ, ಸೊನ್ನೆ ಎರಡು ಕಡೆ ಮುಚ್ಚಿದೆ.